ಪೆಟ್ಟಿಗೆ ಎರಡು, ತಂತಿ ಒಂದು

ಉಪಗ್ರಹ ಸಂಪರ್ಕ ಕೇಂದ್ರ ನೋಡಲು ಬಂದವರಿಗೆ ತೋರಿಸುವುದು ಯಾವಾಗಲೂ ರ‍್ಯಾಕಿನ ಮುಂಭಾಗವನ್ನೇ. ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಕೂತ ಎರಡು ಚಪ್ಪಟೆ ಪೆಟ್ಟಿಗೆಗಳು. ಎರಡರಲ್ಲೂ ಹಸಿರು ದೀಪ. ‘ಇದು ಕೆಟ್ಟರೆ ಅದು ನೋಡಿಕೊಳ್ಳುತ್ತೆ’ ಎನ್ನುತ್ತಾರೆ ಅಧಿಕಾರಿ. ಬಂದವರು ತಲೆಯಾಡಿಸಿ ಕಾಫಿಗೆ ನಡೆಯುತ್ತಾರೆ. ಟೆಕ್ನೀಷಿಯನ್ ಮಾತ್ರ ಟಾರ್ಚ್ ಹಿಡಿದು ಹಿಂದಕ್ಕೆ ಹೋಗುತ್ತಾನೆ. ಅದು ರ‍್ಯಾಕಿನ ಹಿತ್ತಲು. ಅಲ್ಲಿ ಕಪ್ಪು ಕೇಬಲ್‌ಗಳ ಜಡೆ, ಹಿತ್ತಾಳೆ ಬಣ್ಣದ ಕನೆಕ್ಟರ್‌ಗಳು, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದ ಕಂತೆಗಳು. ಮುಂದೆ ಕಂಡ ಎರಡು ಪೆಟ್ಟಿಗೆಗಳು ನಿಜಕ್ಕೂ ಎರಡು ದಾರಿಗಳೋ, ಒಂದೇ ದಾರಿಯ ಎರಡು ಬಾಗಿಲುಗಳೋ ಎಂಬುದು ಗೊತ್ತಾಗುವುದು ಈ ಹಿತ್ತಲಲ್ಲೇ.

ಉಪಗ್ರಹ ಮೋಡೆಮ್ ಒಂದು ಬಗೆಯ ದುಭಾಷಿ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ರೇಡಿಯೊ ಅಲೆಯ ಮೇಲೆ ಹೊರಿಸಿ ಕಳಿಸುತ್ತದೆ. ಬಂದ ಅಲೆಯಿಂದ ಅವನ್ನು ಇಳಿಸಿಕೊಳ್ಳುತ್ತದೆ. ಅಲೆ ಹೋಗಬೇಕಾದದ್ದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಕ್ಕೆ. ಅಲ್ಲಿಗೆ ಹೋಗಿ ಮತ್ತೆ ನೆಲಕ್ಕೆ ಇಳಿಯಲು ಸೆಕೆಂಡಿನ ಕಾಲು ಭಾಗ ಹಿಡಿಯುತ್ತದೆ. ಇಷ್ಟು ದೂರದ ಪಯಣದಲ್ಲಿ ಹೆಚ್ಚು ಕಾಟ ಕೊಡುವುದು ಮೊದಲ ಐವತ್ತು ಮೀಟರ್ – ಕೋಣೆಯ ಮೋಡೆಮ್‌ನಿಂದ ಹೊರಗಿನ ಡಿಶ್‌ವರೆಗಿನ ಕೇಬಲ್.

ಎರಡೆರಡು ಮೋಡೆಮ್ ಯಾರಿಗೆ ಬೇಕು? ದ್ವೀಪದವರನ್ನು ಕೇಳಬೇಕು. ಚೆನ್ನೈನಿಂದ ಅಂಡಮಾನ್ ನಿಕೋಬಾರ್‌ಗೆ ಸುಮಾರು 2,300 ಕಿಲೋಮೀಟರ್ ಉದ್ದದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾದದ್ದು 2020ರ ಆಗಸ್ಟ್‌ನಲ್ಲಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಅಂಥದ್ದೇ ಕೇಬಲ್ ಬಂದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಆ ದ್ವೀಪಗಳ ಫೋನು, ಬ್ಯಾಂಕು, ಇಂಟರ್ನೆಟ್ ಎಲ್ಲವೂ ನೆಚ್ಚಿಕೊಂಡಿದ್ದದ್ದು ಉಪಗ್ರಹವನ್ನು. ಅಂಥ ಕಡೆ ಒಂದೇ ಮೋಡೆಮ್ ಇಟ್ಟುಕೊಂಡು ಅದು ಕೆಟ್ಟರೆ, ಬದಲಿ ಪೆಟ್ಟಿಗೆ ಬರಲು ಹಡಗೋ ವಿಮಾನವೋ ಬರಬೇಕು. ಹಾಗಾಗಿ ಒಂದು ದುಡಿಯುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ ಆಗಿ ಕಾಯುತ್ತದೆ. ಕೆಲಸದವರ ಮಾತಿನಲ್ಲಿ ಇದು ‘ಒನ್ ಪ್ಲಸ್ ಒನ್’.

ಕೇಳುವವರು ಇಬ್ಬರು, ಮಾತಾಡುವವನು ಒಬ್ಬ

ಇವನ್ನು ಜೋಡೆತ್ತು ಎನ್ನೋಣವೆಂದರೆ ಹೋಲಿಕೆ ಕೂಡುವುದಿಲ್ಲ. ಜೋಡೆತ್ತು ಒಟ್ಟಿಗೆ ಎಳೆದರೆ ಗಾಡಿ ಹಗುರ. ಎರಡು ಮೋಡೆಮ್‌ಗಳು ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಕಳಿಸಿದರೆ ಎರಡೂ ಸಂಕೇತಗಳು ಹಾಳು. ಉಪಗ್ರಹದ ಮೇಲೆ ಹೆಚ್ಚಿನ ಭಾರ ಬಿದ್ದು, ಪಕ್ಕದ ತರಂಗಾಂತರ ಬಳಸುವ ಬೇರೆಯವರಿಗೂ ತೊಂದರೆ. ಆದ್ದರಿಂದ ಕಳಿಸುವ ಕಡೆಯ ನಿಯಮ ಕಟ್ಟುನಿಟ್ಟು: ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿರಬೇಕು.

ಕೇಳುವುದಕ್ಕೆ ಆ ನಿರ್ಬಂಧವಿಲ್ಲ. ಡಿಶ್‌ನಿಂದ ಬಂದ ಕೇಬಲ್‌ಗೆ ಸ್ಪ್ಲಿಟರ್ ಎಂಬ ಪುಟ್ಟ ಲೋಹದ ಡಬ್ಬಿ ಹಾಕುತ್ತಾರೆ. ಒಂದು ಕಡೆ ಒಳಗೆ, ಎರಡು ಕಡೆ ಹೊರಗೆ. ಸಂಕೇತ ಸಮನಾಗಿ ಹಂಚಿಹೋಗುತ್ತದೆ. ಒಬ್ಬೊಬ್ಬರಿಗೆ ಅರ್ಧ ಶಕ್ತಿ, ಅಂದರೆ 3 ಡೆಸಿಬೆಲ್ ನಷ್ಟ, ಡಬ್ಬಿ ತಾನು ನುಂಗುವ ಚೂರುಪಾರು ಬೇರೆ. ಸ್ಟ್ಯಾಂಡ್‌ಬೈ ಮೋಡೆಮ್ ಇಡೀ ದಿನ ಕೇಳುತ್ತಲೇ ಇರುತ್ತದೆ, ಬಂದದ್ದನ್ನು ಬಿಡಿಸುತ್ತಲೇ ಇರುತ್ತದೆ. ಬಿಡಿಸಿದ್ದನ್ನು ಯಾರಿಗೂ ಹೇಳುವುದಿಲ್ಲ ಅಷ್ಟೆ. ಇದರಿಂದ ಒಂದು ಲಾಭವಿದೆ. ಅದರ ಕಿವಿ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಬಾಯಿ ಕೆಟ್ಟರೆ ಗೊತ್ತಾಗುವುದು ಮಾತಾಡುವ ಸರದಿ ಬಂದಾಗ.

ಕಳಿಸುವ ಕಡೆ ಸ್ವಿಚ್ ಬೇಕು. ಎರಡೂ ಮೋಡೆಮ್‌ಗಳ ಕೇಬಲ್ ಅದಕ್ಕೆ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಒಂದೇ ಕೇಬಲ್. ಇಲ್ಲಿ ಹೊಸಬರು ಮರೆಯುವ ಸಂಗತಿಯೊಂದಿದೆ. ಮೋಡೆಮ್‌ನಿಂದ ಸ್ವಿಚ್‌ಗೆ ಹೋಗುವ ಎರಡು ತುಂಡುಗಳು ಒಂದೇ ಬಗೆಯ, ಒಂದೇ ಉದ್ದದ ಕೇಬಲ್ ಆಗಿರಬೇಕು. ಉಪಗ್ರಹಕ್ಕೆ ಎಷ್ಟು ಶಕ್ತಿಯಲ್ಲಿ ಕಳಿಸಬೇಕೆಂಬುದನ್ನು ಅದರ ನಿಯಂತ್ರಣ ಕೇಂದ್ರದವರೊಂದಿಗೆ ಫೋನಿನಲ್ಲಿ ಮಾತಾಡಿಕೊಂಡೇ ಅಳೆದು ಹೊಂದಿಸುತ್ತಾರೆ. ಹಾಗೆ ಹೊಂದಿಸಿದ್ದು ಮೊದಲ ಮೋಡೆಮ್‌ನಲ್ಲಿ. ಎರಡನೆಯದರ ಕೇಬಲ್ ಉದ್ದ ಹೆಚ್ಚಿದ್ದರೆ ಬದಲಾದ ಕ್ಷಣದಲ್ಲಿ ದನಿ ತಗ್ಗುತ್ತದೆ, ಕಡಿಮೆಯಿದ್ದರೆ ಏರುತ್ತದೆ. ಆಗ ಆ ಕಡೆಯಿಂದ ಫೋನ್ ಬರುತ್ತದೆ.

ಕಂಪ್ಯೂಟರಿನ ಕಡೆಗೂ ಇದೇ ಲೆಕ್ಕ. ಹಳೆಯ ಸೀರಿಯಲ್ ಸಂಪರ್ಕದಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಕೇಬಲ್ ಹಾಕಿ ರೂಟರನ್ನು ಎರಡೂ ಮೋಡೆಮ್‌ಗಳಿಗೆ ಕಟ್ಟುತ್ತಿದ್ದರು. ಈಗ ಎರಡರ ಈಥರ್ನೆಟ್ ಕೇಬಲ್‌ಗಳೂ ಒಂದು ನೆಟ್‌ವರ್ಕ್ ಸ್ವಿಚ್‌ಗೆ ಬರುತ್ತವೆ, ದುಡಿಯುವ ಮೋಡೆಮ್ ಮಾತ್ರ ದತ್ತಾಂಶವನ್ನು ದಾಟಿಸುತ್ತದೆ. ಎರಡೂ ದಾಟಿಸಿದರೆ ಒಂದೇ ಪ್ಯಾಕೆಟ್ ಎರಡು ಬಾರಿ ಹೋಗುತ್ತದೆ.

ಮಳೆ ಬಂದರೆ ಬದಲಾಗಬಾರದು

ಬದಲಾಯಿಸಬೇಕೆಂದು ತೀರ್ಮಾನಿಸುವವರು ಯಾರು? ಪ್ರತಿ ಮೋಡೆಮ್‌ನ ಬೆನ್ನಲ್ಲೂ ಒಂದು ಸಣ್ಣ ರಿಲೇ ಇರುತ್ತದೆ. ಎಲ್ಲ ಸರಿಯಿದ್ದಾಗ ಅದಕ್ಕೆ ಕರೆಂಟ್ ಹರಿಯುತ್ತಿರುತ್ತದೆ, ಅದರ ಸಂಪರ್ಕ ಎಳೆದು ಹಿಡಿದುಕೊಂಡಿರುತ್ತದೆ. ದೋಷ ಕಂಡರೆ ಬಿಡುತ್ತದೆ. ಇದನ್ನು ತಿರುಗಾಮುರುಗಾ ಮಾಡಿ, ದೋಷ ಬಂದಾಗ ಎಳೆಯುವಂತೆ ಕಟ್ಟಬಹುದಿತ್ತಲ್ಲ? ಆಗ ಮೋಡೆಮ್‌ನ ವಿದ್ಯುತ್ ಪೂರೈಕೆಯೇ ಸತ್ತರೆ ‘ನಾನು ಸತ್ತೆ’ ಎಂದು ಹೇಳಲು ಅದಕ್ಕೆ ಶಕ್ತಿಯಿರುವುದಿಲ್ಲ. ಹಿಡಿದುಕೊಂಡವನು ಕೈಬಿಟ್ಟರೆ ಸುದ್ದಿ ತಾನಾಗಿ ತಲುಪುತ್ತದೆ. ದೋಷದ ತಂತಿ ಅಕಸ್ಮಾತ್ ತುಂಡಾದರೂ ಅದು ದೋಷವೆಂದೇ ಕಾಣುತ್ತದೆ.

ತೀರ್ಮಾನದ ಸೂಕ್ಷ್ಮ ಮಾತ್ರ ಬೇರೆ. ಕೆಯು ಬ್ಯಾಂಡ್ ಎಂದು ಕರೆಯುವ 12ರಿಂದ 14 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಜೋರು ಮಳೆ ಕುಡಿದುಬಿಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯಂಥ ಕಡೆ ಆಷಾಢದ ಸಂಜೆ ಸಂಕೇತ ಕಳೆದುಹೋದರೆ ಅದರಲ್ಲಿ ಮೋಡೆಮ್‌ನ ತಪ್ಪೇನೂ ಇಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಆಗಲೂ ಕೆಲವು ನಿಮಿಷ ಡಿಶ್‌ಗೆ ಸೂರ್ಯನ ಗದ್ದಲವಲ್ಲದೆ ಬೇರೇನೂ ಕೇಳದು. ಇಂಥ ಹೊತ್ತಿನಲ್ಲಿ ಎರಡೂ ಮೋಡೆಮ್‌ಗಳು ಒಟ್ಟಿಗೆ ಕಿವುಡಾಗುತ್ತವೆ. ಬದಲಾಯಿಸಿ ಪ್ರಯೋಜನವಿಲ್ಲ. ‘ಅವನಿಗೆ ಕೇಳುತ್ತಿದೆ, ಇವನಿಗೆ ಮಾತ್ರ ಕೇಳುತ್ತಿಲ್ಲ’ ಎಂಬ ಸ್ಥಿತಿಯಲ್ಲಿ ಮಾತ್ರ ಸ್ವಿಚ್ ತಿರುಗುವಂತೆ ತರ್ಕ ಬರೆಯದಿದ್ದರೆ, ಮಳೆ ನಿಲ್ಲುವವರೆಗೂ ರಿಲೇ ಟಕ್ ಟಕ್ ಎಂದು ಆ ಕಡೆ ಈ ಕಡೆ ಹಾರುತ್ತಲೇ ಇರುತ್ತದೆ.

ಒಂದೇ ಎಳೆಯ ಮೇಲೆ ಮೂರು ಹೊರೆ

ಹಿಂದಿನ ವ್ಯವಸ್ಥೆಗಳಲ್ಲಿ ಮೋಡೆಮ್‌ನಿಂದ ಹೊರಡುತ್ತಿದ್ದದ್ದು 70 ಅಥವಾ 140 ಮೆಗಾಹರ್ಟ್ಸ್ ಅಲೆ. ಅದನ್ನು ಉಪಗ್ರಹದ ತರಂಗಾಂತರಕ್ಕೆ ಏರಿಸುವ ಯಂತ್ರ ಬೇರೆ, ಅದರ ವಿದ್ಯುತ್ ಬೇರೆ. ಕೇಬಲ್‌ಗೆ ಇದ್ದದ್ದು ಒಂದೇ ಕೆಲಸ. ಈಗ ಹೆಚ್ಚಿನ ಸಣ್ಣ ಕೇಂದ್ರಗಳಲ್ಲಿ ಎಲ್-ಬ್ಯಾಂಡ್ ಮೋಡೆಮ್‌ಗಳಿವೆ. ಅಲೆ 950 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ. ಡಿಶ್‌ನ ಮೂತಿಯಲ್ಲಿ ಎರಡು ಡಬ್ಬಿ: ಕೇಳುವ ಎಲ್‌ಎನ್‌ಬಿ, ಕೂಗುವ ಬಿಯುಸಿ. ಎಲ್‌ಎನ್‌ಬಿ ಯಾರಿಗೂ ಹೊಸದಲ್ಲ. ಮನೆಯ ಚಾವಣಿಯ ಟಿವಿ ಡಿಶ್‌ನ ತೋಳಿನ ತುದಿಯಲ್ಲಿ ಕೂತಿರುವುದೂ ಅದೇ.

ಈ ಡಬ್ಬಿಗಳಿಗೆ ವಿದ್ಯುತ್ ಬೇಕು. ಬೇರೆ ವೈರ್ ಎಳೆಯುವುದಿಲ್ಲ. ಸಂಕೇತ ಹೋಗುವ ಕೇಬಲ್‌ನ ನಡುತಂತಿಯ ಮೇಲೆಯೇ ಬಿಯುಸಿಗೆ 24 ಅಥವಾ 48 ವೋಲ್ಟ್ ಡಿಸಿ, ಎಲ್‌ಎನ್‌ಬಿಗೆ ಸಾಮಾನ್ಯವಾಗಿ 13 ಅಥವಾ 18 ವೋಲ್ಟ್. ಜೊತೆಗೆ ತರಂಗಾಂತರ ಅತ್ತಿತ್ತ ಸರಿಯದಂತೆ ತಾಳ ಹಾಕುವ 10 ಮೆಗಾಹರ್ಟ್ಸ್‌ನ ಉಲ್ಲೇಖ ಸಂಕೇತ. ಹೀಗೆ ಕೊತ್ತಂಬರಿ ಕಡ್ಡಿಯಷ್ಟು ದಪ್ಪದ ಒಂದು ತಾಮ್ರದ ಎಳೆಯ ಮೇಲೆ ಅನ್ನ, ತಾಳ, ಮಾತು ಮೂರೂ ಸಾಗುತ್ತವೆ.

ಜೋಡಿ ವ್ಯವಸ್ಥೆಯ ಅತಿ ಸಾಮಾನ್ಯ ತಪ್ಪು ಹುಟ್ಟುವುದು ಇಲ್ಲಿಂದ. ಸ್ಪ್ಲಿಟರ್‌ನ ಎರಡು ಕವಲುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಡಿಸಿಯನ್ನು ದಾಟಿಸುತ್ತದೆ, ಇನ್ನೊಂದು ತಡೆಯುತ್ತದೆ. ಎರಡೂ ದಾಟಿಸಿದರೆ ಒಂದು ಮೋಡೆಮ್‌ನ ವಿದ್ಯುತ್ ಇನ್ನೊಂದರ ಹೊಟ್ಟೆಗೆ ನುಗ್ಗಬಹುದೆಂಬ ಎಚ್ಚರಿಕೆ ಅದು. ಹಾಗಾಗಿ ಎಲ್‌ಎನ್‌ಬಿಗೆ ಅನ್ನ ಹಾಕುವವನು ಮೊದಲ ಮೋಡೆಮ್ ಒಬ್ಬನೇ. ಈಗ ಆ ಮೊದಲ ಮೋಡೆಮ್ ಕೆಟ್ಟಿತು ಎಂದಿಟ್ಟುಕೊಳ್ಳೋಣ. ರಿಲೇ ಕೈಬಿಟ್ಟಿತು. ಸ್ವಿಚ್ ತಿರುಗಿತು. ಎರಡನೆಯದು ಸಿದ್ಧವಾಗಿಯೇ ಇತ್ತು. ಆದರೆ ಡಿಶ್ ಮೇಲಿನ ಎಲ್‌ಎನ್‌ಬಿಗೆ ವಿದ್ಯುತ್ ಇಲ್ಲ. ಎರಡನೆಯದಕ್ಕೆ ಏನೂ ಕೇಳುತ್ತಿಲ್ಲ. ಎರಡು ಮೋಡೆಮ್ ಕೊಂಡದ್ದೂ ಆಯಿತು, ಸ್ವಿಚ್ ಕೊಂಡದ್ದೂ ಆಯಿತು. ಮೊದಲನೆಯದು ಹೋಗುವಾಗ ಇನ್ನೊಂದರ ಕಿವಿಯನ್ನೂ ಕಿತ್ತುಕೊಂಡೇ ಹೋಯಿತು.

ಪರಿಹಾರಕ್ಕೆ ದಾರಿ ಎರಡಿವೆ. ಒಂದು, ಎರಡೂ ಮೋಡೆಮ್‌ಗಳಿಂದ ಡಿಸಿ ಪಡೆದು, ಯಾವುದರಲ್ಲಿ ಇದೆಯೋ ಅದನ್ನು ಮೇಲಕ್ಕೆ ಕಳಿಸುವ ಸ್ವಿಚ್ ಬಳಸುವುದು. ಇನ್ನೊಂದು, ಮೋಡೆಮ್‌ಗಳಿಗೆ ಆ ಜವಾಬ್ದಾರಿಯನ್ನೇ ಕೊಡದೆ ಬೇರೆ ವಿದ್ಯುತ್ ಪೆಟ್ಟಿಗೆಯಿಂದ ಕೇಬಲ್‌ಗೆ ಡಿಸಿ ಸೇರಿಸುವುದು. ಎರಡನೆಯದಾದರೆ ಆ ಪೆಟ್ಟಿಗೆಯೂ ಜೋಡಿಯಾಗಿರಬೇಕು.

ಬಿಯುಸಿ ಕೇಬಲ್ ಮುಟ್ಟುವ ಮುನ್ನ ಡಿಸಿ ಆರಿಸುವುದು ಕೈಗೆ ಅಂಟಿರಬೇಕಾದ ಅಭ್ಯಾಸ. ಆಂಪಿಯರ್‌ಗಟ್ಟಲೆ ಹರಿಯುವ ಕನೆಕ್ಟರನ್ನು ಹಾಗೆಯೇ ಬಿಚ್ಚಿದರೆ ಪಿನ್ನಿನ ತುದಿಯಲ್ಲಿ ಕಿಡಿ ಹಾರಿ ಸುಟ್ಟ ಕಲೆ ಉಳಿಯುತ್ತದೆ. ಆ ಕಲೆ ಮುಂದೆ ಒಂದು ದಿನ ಬಿಟ್ಟು ಒಂದು ದಿನ ಬರುವ ದೋಷವಾಗುತ್ತದೆ.

ಪಿನ್ನಿನ ಸಮಾಚಾರ

ಕೇಬಲ್‌ಗಳಲ್ಲಿ ಎರಡು ಕುಲ: 50 ಓಮ್, 75 ಓಮ್. ಟಿವಿಯವರು ಬಳಸುವುದು 75; ಪ್ರಸಾರ ಶಕ್ತಿ ಹೆಚ್ಚಿರುವ ಕಡೆ 50. ಗಾಳಿಯೇ ನಿರೋಧಕವಾದ ಏಕಾಕ್ಷ ಕೇಬಲ್‌ನಲ್ಲಿ ಅತಿ ಕಡಿಮೆ ನಷ್ಟವಾಗುವುದು 77 ಓಮ್ ಹತ್ತಿರ, ಅತಿ ಹೆಚ್ಚು ಶಕ್ತಿ ಹೊರುವುದು 30ರ ಹತ್ತಿರ. 50 ಈ ಎರಡರ ನಡುವಿನ ರಾಜಿ. 50ಕ್ಕೆ 75 ಸೇರಿಸಿದರೆ ಸಂಧಿಯಲ್ಲಿ ಶಕ್ತಿಯ ಶೇ 4ರಷ್ಟು ಹಿಂದಕ್ಕೆ ಪುಟಿಯುತ್ತದೆ. ಕೇಳಲು ಅಲ್ಪವೆನಿಸಿದರೂ ಅಂಥ ಎರಡು ಸಂಧಿಗಳ ನಡುವೆ ಅಲೆ ಓಡಾಡತೊಡಗಿದರೆ ಕೆಲವು ತರಂಗಾಂತರಗಳಲ್ಲಿ ಸಂಕೇತ ತಗ್ಗಿ, ಕೆಲವದರಲ್ಲಿ ಏರಿ, ಸಪಾಟಾಗಿರಬೇಕಾದ ದಾರಿ ಗುಂಡಿ ಬಿದ್ದ ರಸ್ತೆಯಾಗುತ್ತದೆ.

ಎನ್-ಟೈಪ್ ಎಂಬ ಗಟ್ಟಿ ಕನೆಕ್ಟರ್‌ನಲ್ಲಿ ಈ ತಪ್ಪಿಗೆ ದಂಡ ಇನ್ನೂ ಹೆಚ್ಚು. ಅದರ 50 ಓಮ್ ಮಾದರಿಯ ನಡುಪಿನ್ನು ದಪ್ಪ, 75ರದ್ದು ಸಪೂರ. ಹೊರಗಿನ ತಿರುಪು ಮಾತ್ರ ಎರಡಕ್ಕೂ ಹೊಂದುತ್ತದೆ. 50ರ ಪಿನ್ನನ್ನು 75ರ ಕಿಂಡಿಗೆ ತಿರುಗಿಸಿ ಬಿಗಿದರೆ ಒಳಗಿನ ಹಿಡಿ ಅಗಲವಾಗಿ ಹೋಗುತ್ತದೆ. ಆಮೇಲೆ ಸರಿಯಾದ 75ರ ಪಿನ್ ಹಾಕಿದರೂ ಅದು ಸಡಿಲ ಚಪ್ಪಲಿಯಲ್ಲಿ ನಡೆದಂತೆ. ಕೇಬಲ್ ಅಲುಗಾಡಿದಾಗ ಸಂಪರ್ಕ ಬರುತ್ತದೆ, ಹೋಗುತ್ತದೆ, ಎ.ಸಿ.ಯ ಗಾಳಿಗೆ ಕೇಬಲ್ ನಡುಗಿದರೂ ಸಾಕು.

ಎನ್-ಟೈಪ್‌ನ ‘ಎನ್’ ಅಮೆರಿಕದ ಬೆಲ್ ಪ್ರಯೋಗಾಲಯದ ಪಾಲ್ ನೀಲ್ ಹೆಸರಿನ ಮೊದಲಕ್ಷರ, 1940ರ ದಶಕದ್ದು. ಕಾಲು ಸುತ್ತಿಗೆ ‘ಟಕ್’ ಎಂದು ಕೂರುವ ಬಿಎನ್‌ಸಿಯಲ್ಲಿ ನೀಲ್ ಜೊತೆಗೆ ಕಾರ್ಲ್ ಕಾನ್ಸೆಲ್‌ಮನ್ ಹೆಸರೂ ಸೇರಿಕೊಂಡಿದೆ. ಮೊದಲ ‘ಬಿ’ ಬಂದೂಕಿನ ಬಯೊನೆಟ್ ಸಿಕ್ಕಿಸುವ ಬಗೆಯಿಂದ ಬಂದದ್ದು. ಬ್ರಿಟಿಷ್ ನೌಕಾಪಡೆಯ ಕನೆಕ್ಟರ್ ಎಂಬ ಅರ್ಥವನ್ನು ವರ್ಕ್‌ಶಾಪ್‌ಗಳಲ್ಲಿ ಯಾರಾದರೂ ಹೇಳುತ್ತಲೇ ಇರುತ್ತಾರೆ; ಅದು ಕಟ್ಟುಕತೆ.

ಕನೆಕ್ಟರ್ ಕಟ್ಟುವುದು ಕೈಗುಣದ ಕೆಲಸ. ಹೊರ ಸಿಪ್ಪೆ ಸುಲಿಯಬೇಕು. ಕೆಳಗಿನ ಹೆಣಿಗೆಯ ಒಂದೆಳೆಗೂ ಬ್ಲೇಡ್ ತಾಗಬಾರದು. ಹೆಣಿಗೆಯನ್ನು ಬಾಳೆಹೂವಿನ ಎಸಳಿನಂತೆ ಹಿಂದಕ್ಕೆ ಬಿಡಿಸಬೇಕು. ಬಿಳಿ ನಿರೋಧಕವನ್ನು ಅಳತೆಗೆ ಕತ್ತರಿಸಿ, ನಡುತಂತಿಗೆ ಪಿನ್ ಕೂರಿಸಿ, ಆರು ಮೂಲೆಯ ದವಡೆಯಿರುವ ಕ್ರಿಂಪಿಂಗ್ ಟೂಲ್‌ನಲ್ಲಿ ಒಂದೇ ಸಲ ಒತ್ತಬೇಕು. ಹೆಣಿಗೆಯ ಒಂದು ಕೂದಲೆಳೆ ತಪ್ಪಿಸಿಕೊಂಡು ಒಳಗೆ ಬಾಗಿ ಪಿನ್ನಿಗೆ ತಾಗಿದರೆ ಮುಗಿಯಿತು – ಬಿಯುಸಿಯ 48 ವೋಲ್ಟ್ ಅಲ್ಲೇ ಶಾರ್ಟ್.

ಹೆಂಚು ಹೊದಿಸಿದಂತೆ

ಟಿವಿ ಕೇಬಲ್ ಎಂದು ಎಲ್ಲರಿಗೂ ಗೊತ್ತಿರುವ ಆರ್‌ಜಿ-6 ಕೇಬಲ್‌ನಲ್ಲಿ 1 ಗಿಗಾಹರ್ಟ್ಸ್ ಅಲೆ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 20 ಡೆಸಿಬೆಲ್ ಕಳೆದುಕೊಳ್ಳುತ್ತದೆ. ನೂರು ಪಾಲು ಹೊರಟರೆ ತಲುಪುವುದು ಒಂದು ಪಾಲು. ಅದೇ ಕೇಬಲ್‌ನಲ್ಲಿ 70 ಮೆಗಾಹರ್ಟ್ಸ್ ಅಲೆಯಾದರೆ ನಷ್ಟ ಬಹಳ ಕಡಿಮೆ. ಎಲ್-ಬ್ಯಾಂಡ್ ಬಂದ ಮೇಲೆ ಕೇಬಲ್ ದಪ್ಪವಾದದ್ದಕ್ಕೂ, ಮೋಡೆಮ್ ಕೋಣೆ ಡಿಶ್‌ನ ಬುಡಕ್ಕೆ ಸರಿದದ್ದಕ್ಕೂ ಇದೇ ಕಾರಣ.

ಹೊರಗಿನ ಶತ್ರು ನೀರು. ಕನೆಕ್ಟರ್ ಒಳಗೆ ಇಳಿದ ಹನಿ ಹೆಣಿಗೆಯನ್ನೇ ಬತ್ತಿ ಮಾಡಿಕೊಂಡು ಮೀಟರುಗಟ್ಟಲೆ ಸಾಗುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಇದಕ್ಕೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತುತ್ತಾರೆ. ಅದರ ಮೇಲೆ ಬಿಸಿಲು ತಡೆಯುವ ಕಪ್ಪು ಟೇಪ್. ಸುತ್ತುವ ದಿಕ್ಕಿಗೆ ಲೆಕ್ಕವಿದೆ. ಮಂಗಳೂರು ಹೆಂಚನ್ನು ಸೂರಂಚಿನಿಂದ ಮೇಲಕ್ಕೆ ಹೊದಿಸುತ್ತ ಹೋಗುತ್ತಾರಲ್ಲ, ಹಾಗೆ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು, ಇಳಿದ ನೀರು ಜಾರಿಹೋಗುತ್ತದೆ. ಮೇಲಿನಿಂದ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯುವ ಜೇಬು. ಕೇಬಲ್ ಗೋಡೆಯ ತೂತಿಗೆ ನುಗ್ಗುವ ಮುನ್ನ ಜೋಲು ಬಿಟ್ಟು ಕೆಳಗೆ ಬಾಗಿಸುವುದೂ ಇದಕ್ಕೇ. ಹನಿಗಳು ಬಾಗಿನ ತಳದಲ್ಲಿ ತೊಟ್ಟಿಕ್ಕಲಿ, ಕೋಣೆಯೊಳಗೆ ಬರದಿರಲಿ ಎಂದು. ವಿದ್ಯುತ್ ಕಂಬದಿಂದ ಮನೆಗೆ ಬರುವ ವೈರಿನಲ್ಲೂ ಅದೇ ಜೋಲು ಕಾಣುತ್ತದೆ.

ಮತ್ತೆ ಒಂದಾಗುವ ಜಾಗ

ಹಿತ್ತಲಲ್ಲಿ ಟಾರ್ಚ್ ಹಿಡಿದ ಟೆಕ್ನೀಷಿಯನ್ ಹುಡುಕುವುದು ಎರಡು ದಾರಿಗಳು ಮತ್ತೆ ಒಂದಾಗುವ ಜಾಗಗಳನ್ನು. ಎರಡೂ ಮೋಡೆಮ್‌ಗಳ ಪ್ಲಗ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದರೆ ಅದೊಂದು. ಒಂದೇ ಯುಪಿಎಸ್ ಇದ್ದರೆ ಅದೊಂದು. ಸ್ವಿಚ್‌ನಿಂದ ಮುಂದಕ್ಕೆ ಹೋಗುವ ಒಂಟಿ ಕೇಬಲ್, ಒಂಟಿ ಬಿಯುಸಿ. ಕಡೆಗೆ ಸ್ವಿಚ್ ಕೂಡ ಒಂಟಿಯೇ. ಅದಕ್ಕೇ ಒಳ್ಳೆಯ ಸ್ವಿಚ್‌ಗಳಲ್ಲಿ ಒಮ್ಮೆ ತಿರುಗಿದರೆ ಕರೆಂಟ್ ಹೋದರೂ ಅಲ್ಲೇ ನಿಲ್ಲುವ ರಿಲೇಗಳಿರುತ್ತವೆ. ಸ್ವಿಚ್‌ನ ಬುದ್ಧಿ ಸತ್ತರೂ ದಾರಿ ಮುಚ್ಚುವುದಿಲ್ಲ. ದೊಡ್ಡ ಕೇಂದ್ರಗಳಲ್ಲಿ ಪ್ರವರ್ಧಕಗಳೂ ಜೋಡಿ. ಅವುಗಳ ನಡುವಿನ ನಾಲ್ಕು ಬಾಯಿಯ ವೇವ್‌ಗೈಡ್ ಸ್ವಿಚ್‌ನಲ್ಲಿ ಒಂದು ಬಾಯಿ ಡಿಶ್‌ಗೆ, ಇನ್ನೊಂದು ಡಮ್ಮಿ ಲೋಡ್ ಎಂಬ ಶಾಖ ಕುಡಿಯುವ ಲೋಹಕ್ಕೆ. ಕಾಯುತ್ತಿರುವ ಯಂತ್ರ ಅದರೊಳಗೆ ಪೂರ್ಣ ಶಕ್ತಿಯಲ್ಲಿ ಕೂಗಬಹುದು, ಹೊರಗೆ ಯಾರಿಗೂ ಕೇಳದು. ಹಾಗೆ ಬಾಯಿಯ ಪರೀಕ್ಷೆಯೂ ಆಗುತ್ತದೆ.

ಆ ಪರೀಕ್ಷೆ ಯಾಕೆ ಬೇಕೆಂಬುದಕ್ಕೆ 1998ರ ಮೇ 19ರಂದು ಅಮೆರಿಕದ ಗೆಲಾಕ್ಸಿ-4 ಉಪಗ್ರಹಕ್ಕೆ ಆದದ್ದನ್ನು ನೋಡಬೇಕು. ಅದರ ನಿಯಂತ್ರಣ ಕಂಪ್ಯೂಟರ್ ಅಂದು ಕೈಕೊಟ್ಟಿತು. ಬದಲಿಗೆಂದು ಇಟ್ಟಿದ್ದ ಎರಡನೆಯದು ಅದಕ್ಕೂ ಮೊದಲೇ ಕೆಟ್ಟಿತ್ತು. ಉಪಗ್ರಹ ತನ್ನ ದಿಕ್ಕು ತಪ್ಪಿತು. ದೇಶದ ಬಹುಪಾಲು ಪೇಜರ್‌ಗಳು, ಅಂದರೆ ಸುಮಾರು ನಾಲ್ಕು ಕೋಟಿ, ಮೌನವಾದವು. ವೈದ್ಯರಿಗೆ ಆಸ್ಪತ್ರೆಯ ಕರೆ ಮುಟ್ಟಲಿಲ್ಲ.

ಕೇಂದ್ರವನ್ನೇ ಜೋಡಿ ಮಾಡುವುದು ಇದೇ ಲೆಕ್ಕದ ದೊಡ್ಡ ರೂಪ. ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ಶುರುವಾದದ್ದು 1982ರಲ್ಲಿ. 2005ರಲ್ಲಿ ಭೋಪಾಲದಲ್ಲಿ ಎರಡನೆಯದು ಬಂತು. ಎರಡರ ನಡುವೆ ಒಂದೇ ಗೋಡೆಯಿಲ್ಲ, ಒಂದೇ ಕರೆಂಟ್ ಲೈನಿಲ್ಲ. ಒಂದೇ ಸಿಡಿಲು ಎರಡಕ್ಕೂ ಬಡಿಯಲಾರದು.

ಸಣ್ಣ ಕೇಂದ್ರಗಳಲ್ಲಿ ಬದಲಿ ಮೋಡೆಮ್‌ನ ಪರೀಕ್ಷೆಗೆ ಇರುವುದು ಭಾನುವಾರದ ನಸುಕು. ಬ್ಯಾಂಕಿಲ್ಲ, ಕಚೇರಿಯಿಲ್ಲ, ದತ್ತಾಂಶದ ಗ್ರಾಫ್ ನೆಲಕ್ಕೆ ಅಂಟಿಕೊಂಡಿರುತ್ತದೆ. ಒಬ್ಬ ರ‍್ಯಾಕಿನ ಮುಂದೆ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾನೆ, ಪರದೆಯ ಮೇಲೆ ಪಿಂಗ್‌ನ ಸಾಲುಗಳು ಒಂದೊಂದಾಗಿ ಏರುತ್ತಿರುತ್ತವೆ. ಇನ್ನೊಬ್ಬ ಹಿಂದೆ ಹೋಗಿ ದುಡಿಯುತ್ತಿರುವ ಮೋಡೆಮ್‌ನ ಪವರ್ ಕಾರ್ಡನ್ನೇ ಕಿತ್ತು ಕೈಯಲ್ಲಿ ಹಿಡಿಯುತ್ತಾನೆ. ‘ಟಕ್’ ಎಂದು ರಿಲೇ. ಪಿಂಗ್ ನಿಲ್ಲುತ್ತದೆ. ಒಂದು, ಎರಡು, ಮೂರು ಸಾಲು ಖಾಲಿ. ‘ಬಂತೇನೋ?’ ಎಂದು ಹಿಂದಿನಿಂದ ಕೂಗು. ‘ಇರು ಮಾರಾಯ, ಇನ್ನೂ ಲಾಕ್ ಆಗ್ಬೇಕು’ ಎಂದು ಮುಂದಿನಿಂದ ಉತ್ತರ. ಕಾರ್ಡ್ ಹಿಡಿದವನು ಅದನ್ನು ಹಾಗೆಯೇ ಹಿಡಿದುಕೊಂಡು ಕಾಯುತ್ತಾನೆ.